ಹನ್ನೊಂದಕ್ಕ ಹೊಳ್ಳಬೇಕು

ಅವರು ಕಾರನ್ನು ಎಂದೂ ಮುಖ ಒಳಗೆ ಮಾಡಿ ನಿಲ್ಲಿಸಿದವರಲ್ಲ. ದಿನಸಿ ಅಂಗಡಿಯಿರಲಿ, ಮದುವೆ ಮನೆಯಿರಲಿ, ಹಿಂದಕ್ಕೆ ಮೆಲ್ಲಗೆ ತಂದು, ಎರಡು ಸಲ ಸರಿಮಾಡಿ, ಮುಂಭಾಗ ದಾರಿಯ ಕಡೆಗಿರುವಂತೆ ನಿಲ್ಲಿಸುತ್ತಿದ್ದರು. "ಓಡಬೇಕಾದಾಗ ಮಾರಿ ಹೊರಗ ಇರಬೇಕು ತಂಗಿ," ಎನ್ನುತ್ತಿದ್ದರು. ಯಾವುದರಿಂದ ಓಡಬೇಕು ಅಕ್ಕಾ ಎಂದು ಕೇಳಿದರೆ, "ಅದು ಗೊತ್ತಿದ್ದರ ಇಷ್ಟ್ಯಾಕ ಅಂಜತಿದ್ದೆ?" ಎಂದು ನಗುತ್ತಿದ್ದರು. ನಗು ಬೇಗ ಬಂದು ಬೇಗ ಹೋಗುತ್ತಿತ್ತು. ಕಣ್ಣು ಮಾತ್ರ ಸುತ್ತ ಏನನ್ನೋ ಎಣಿಸುತ್ತಲೇ ಇರುತ್ತಿತ್ತು. ಡಲ್ಲಾಸಿನ ಒಂದು ಆರತಕ್ಷತೆಯಲ್ಲಿ ಊಟಕ್ಕೆ ಕೂತಾಗ, ಈ ಸಭಾಂಗಣಕ್ಕೆ ನಾಲ್ಕು ಬಾಗಿಲುಗಳಿವೆಯೆಂದೂ ಅದರಲ್ಲಿ ಒಂದಕ್ಕೆ ಕುರ್ಚಿ ಅಡ್ಡ ಇಟ್ಟಿದ್ದಾರೆಂದೂ ನನಗೆ ತಿಳಿಸಿ, ಎದ್ದು ಹೋಗಿ ಆ ಕುರ್ಚಿಗಳನ್ನು ತಾವೇ ಸರಿಸಿ ಬಂದು, ಆಮೇಲೆ ಹೋಳಿಗೆಗೆ ಕೈ ಹಾಕಿದ್ದರು.

ಕಳೆದ ಫೆಬ್ರವರಿಯಲ್ಲಿ ಅವರು ಆಸ್ಟಿನ್ನಿನ ಮಗಳ ಮನೆಯಲ್ಲಿ ತೀರಿಕೊಂಡರು. ಅರವತ್ತು ಕೂಡ ತುಂಬಿರಲಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕಚೇರಿಯಲ್ಲಿ ಯಾವುದಾದರೂ ಅವಘಡದ ವರದಿ ಬರೆಯುವಾಗ ಅವರು ನನಗೆ ಕಲಿಸಿದ್ದ ಮೊದಲ ಪಾಠವೇ ಅದು: "ಯಾರು ಮಾಡಿದ್ರು ಅನ್ನೂದು ಬ್ಯಾಡ. ಏನಾತು, ಅದನ್ನ ಬರಿ."

ನಾನು ಮೈಸೂರಿನವಳು. ಆಸ್ಟಿನ್ನಿನಲ್ಲಿ ಎಂ.ಎಸ್. ಮುಗಿಸಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹ್ಯೂಸ್ಟನ್ನಿನಲ್ಲಿ ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನ ಒಂದು ಕಚೇರಿಗೆ ಸೇರಿದಾಗ ಹುಬ್ಬಳ್ಳಿಯ ಇವರು ನನ್ನ ಮೇಲಿನವರಾಗಿದ್ದರು. ತೈಲ ಘಟಕವೊಂದರ ನಕ್ಷೆಯನ್ನು ಮೇಜಿನ ತುಂಬ ಹರಡಿ, ಒಂದೊಂದೇ ಕೊಳವೆ, ಒಂದೊಂದೇ ವಾಲ್ವಿನ ಮೇಲೆ ಬೆರಳಿಟ್ಟು, "ಇದು ಕೈಕೊಟ್ಟರೆ ಏನಾಗುತ್ತದೆ?" ಎಂದು ಕೇಳುತ್ತ ಹೋಗುವುದು ನಮ್ಮ ಕೆಲಸ. ಹೀಗೆ ವಾರಗಟ್ಟಲೆ ಕೇಳಿ, ಉತ್ತರಗಳನ್ನು ಬರೆದು, ಕೊನೆಗೆ ಒಬ್ಬರು ಸಹಿ ಹಾಕುತ್ತಾರೆ. ಆ ಸಹಿ ಬೀಳದೆ ಘಟಕ ನಡೆಯುವುದಿಲ್ಲ. ನಮ್ಮ ಗುಂಪಿನಲ್ಲಿ ಆ ಸಹಿ ಅವರದು. ಹಾಕುವ ಮುಂಚೆ ಪೆನ್ನನ್ನು ಕೈಯಲ್ಲಿ ಹಿಡಿದು ಒಂದೆರಡು ನಿಮಿಷ ಸುಮ್ಮನೆ ಕೂರುತ್ತಿದ್ದರು. ಸಹಿ ಹಾಕಿದ ಮೇಲೆ ಊಟ ಸೇರುತ್ತಿರಲಿಲ್ಲ.

ಅವರ ಮನೆ ಹ್ಯೂಸ್ಟನ್ನಿನ ಪಕ್ಕದ ಕೇಟಿಯಲ್ಲಿ. ಗಂಡನಿಗೆ ಕಡಲ ನಡುವಿನ ತೈಲ ವೇದಿಕೆಯಲ್ಲಿ ಕೆಲಸ, ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಮನೆಯಲ್ಲಿ. ಆದ್ದರಿಂದ ಶನಿವಾರಗಳಲ್ಲಿ ತಾಯಿ, ಮಗಳ ಜೊತೆಗೆ ನಾನೂ ಇರುತ್ತಿದ್ದೆ. ಒಲೆಯ ಪಕ್ಕದಲ್ಲೇ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಅದರ ಪಕ್ಕ ನಿಂತು ಅವರು ಜೋಳದ ರೊಟ್ಟಿ ಬಡಿಯುವುದು. ರೊಟ್ಟಿ ಬಡಿಯುವಾಗ ಮಾತ್ರ ಅವರ ಮುಖದಲ್ಲಿ ಯಾವ ಲೆಕ್ಕಾಚಾರವೂ ಇರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರನ್ನು ನೋಡುವುದೇ ನನಗೆ ಒಂದು ಸಮಾಧಾನ.

ಮಗಳು ಪಲ್ಲವಿಗೆ ಹದಿಮೂರನೇ ವಯಸ್ಸಿನಿಂದ ಫಿಟ್ಸ್ ಬರುತ್ತಿತ್ತು. ಮಾತ್ರೆಗಳಿಂದ ಬಹುಮಟ್ಟಿಗೆ ಹತೋಟಿಯಲ್ಲಿತ್ತು. ಆದರೆ ಬಹುಮಟ್ಟಿಗೆ ಎಂಬ ಮಾತಿನ ಮೇಲೆ ಯಾವ ತಾಯಿಗೂ ನೆಮ್ಮದಿಯ ನಿದ್ದೆ ಬರುವುದಿಲ್ಲ. ಬಚ್ಚಲ ಬಾಗಿಲಿಗೆ ಚಿಲಕ ಇರಲಿಲ್ಲ. ಮೇಜಿನ ನಾಲ್ಕೂ ಮೂಲೆಗಳಿಗೆ ರಬ್ಬರು ಅಂಟಿಸಿತ್ತು. ಹಾಲು ತರಲೂ ಕಾರು ಬೇಕಾಗುವ ಊರಿನಲ್ಲಿ ಡಾಕ್ಟರು ಅವಳಿಗೆ ಡ್ರೈವ್ ಮಾಡಲು ಒಪ್ಪಿಗೆ ಕೊಟ್ಟಿರಲಿಲ್ಲ. ಗೆಳತಿಯರೆಲ್ಲ ಹದಿನಾರಕ್ಕೆ ಲೈಸೆನ್ಸ್ ತೆಗೆದುಕೊಂಡು ಸುತ್ತುತ್ತಿದ್ದಾಗ ಈ ಹುಡುಗಿ ಬಿಸಿಲಿನಲ್ಲಿ, ಮನೆಗಳ ಹಿಂದಿನ ಕಾಲುವೆಯ ದಂಡೆಯಲ್ಲಿ, ಮೈಲಿಗಟ್ಟಲೆ ನಡೆಯುತ್ತಿದ್ದಳು. ತಾಯಿ ಕಾರಿನಲ್ಲಿ ಸ್ವಲ್ಪ ದೂರದಿಂದ ಹಿಂಬಾಲಿಸುತ್ತಿದ್ದರು. ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಶಾಲೆಯ ಫ್ರೆಂಚ್ ತರಗತಿಯ ಗೋಡೆಯ ಮೇಲೆ ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದ ಒಂದು ಚಿತ್ರವಿತ್ತಂತೆ. ಕಡಲಿನಿಂದ ನೆಟ್ಟಗೆ ಎದ್ದ ಬೆಟ್ಟ, ನೆತ್ತಿಯಲ್ಲಿ ಹಿಮ. ಹ್ಯೂಸ್ಟನ್ನಿನಲ್ಲಿ ಎತ್ತರ ಎಂದರೆ ಫ್ಲೈಓವರ್. ಆ ಚಿತ್ರವನ್ನು ಅವಳು ನಾಲ್ಕು ವರ್ಷ ನೋಡಿದ್ದಳು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಆ ಬೇಸಿಗೆ ಶಾಲೆ ಮುಗಿದು ಆಸ್ಟಿನ್ನಿಗೆ ಓದಲು ಹೊರಡುವವಳಿದ್ದಳು. ಏನು ಬೇಕು ಎಂದು ತಾಯಿ ಕೇಳಿದಾಗ, ಆ ಬೆಟ್ಟಗಳಲ್ಲಿ ನಡೆಯಬೇಕು ಎಂದಳು.

"ಗುಡ್ಡಾ ಏರೂದು ಬ್ಯಾಡ. ಬೀಚಿಗೆ ಹೋಗೂಣು," ಎಂದರು ಇವರು.

"ಬೀಚ್ ಇಲ್ಲೇ ಹತ್ತಿರ ಗ್ಯಾಲ್ವೆಸ್ಟನ್‌ನಲ್ಲೂ ಇದೆ," ಎಂದಳು ಮಗಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ರೂಢಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು: "ರಿಫೈನರಿಗಳಲ್ಲಿ ಏನೇನು ಕೆಡಬಹುದು ಅಂತ ದಿನಾ ಪಟ್ಟಿ ಮಾಡ್ತೀಯಲ್ಲ, ಆಮೇಲೆ ಅವನ್ನ ಮುಚ್ಚಿಬಿಡ್ತೀಯಾ ಅಮ್ಮಾ? ನಡೆಸೋಕೆ ತಾನೇ ಅಷ್ಟೆಲ್ಲ ಮಾಡೋದು?"

ಮುಂದಿನ ಶನಿವಾರ ನಾನು ಹೋದಾಗ ಊಟದ ಮೇಜಿನ ಮೇಲೆ ಕಾರ್ಸಿಕಾದ ನಕ್ಷೆ ಹರಡಿತ್ತು. ನಾಲ್ಕು ಮೂಲೆಗೆ ನಾಲ್ಕು ಚಟ್ನಿಪುಡಿ ಡಬ್ಬಿ ಇಟ್ಟಿದ್ದರು.

ಒಂದು ದಿನದಲ್ಲಿ ಹೋಗಿ ಬರಬಹುದಾದ ಹನ್ನೊಂದು ದಾರಿಗಳನ್ನು ಮಗಳು ಒಂದು ಪ್ರವಾಸದ ಪುಸ್ತಕದಿಂದ ಗುರುತು ಹಾಕಿದ್ದಳು. ತಾಯಿ ಒಂದೊಂದಕ್ಕೂ ಒಂದು ಹಾಳೆ ಮಾಡಿದರು. ದಾರಿಯ ಮೇಲೆ ಪೆನ್ಸಿಲಿನ ಮೊನೆಯನ್ನು ಬೆರಳಗಲದಷ್ಟು ಸರಿಸುವುದು, ನಿಲ್ಲಿಸುವುದು, ಕೇಳುವುದು: ಇಲ್ಲಿ ಬಿದ್ದರ ಎಲ್ಲಿಗೆ ಹೋಗ್ತಾಳ? ಮಲಗಿಸಾಕ ಸಪಾಟ ಜಾಗಾ ಐತೇನು? ನೆರಳು? ಡಾಂಬರು ರಸ್ತೆ ಎಷ್ಟು ದೂರ? ಹಾಳೆಗಳು ತುಂಬುತ್ತಿದ್ದಂತೆ ಅವರ ಮುಖ ಸಣ್ಣಗಾಗುತ್ತಿತ್ತು. ಅತ್ಯಂತ ಸುಂದರ ಎಂದು ಪುಸ್ತಕ ಹೇಳಿದ ದಾರಿಗಳೇ ಮೊದಲು ಹೋದವು. "ಗುಡ್ಡದ ಚೆಂದ ಅಂಚಿನಾಗ ಇರತೈತಿ," ಎಂದರು ಒಮ್ಮೆ ಪೆನ್ಸಿಲು ಕೆಳಗಿಟ್ಟು. "ಅದ ನೋಡು ತೊಂದ್ರಿ."

ಕಚೇರಿಯ ಒಬ್ಬ ಫ್ರೆಂಚ್ ಸಹೋದ್ಯೋಗಿಯಿಂದ ಪತ್ರ ಬರೆಸಿ ಅಲ್ಲಿನ ಹಳ್ಳಿಯ ವಸತಿಗೃಹದವರಿಗೆ ಫ್ಯಾಕ್ಸ್ ಕಳಿಸಿದರು. ಸ್ಪೆಲುಂಕಾ ಎಂಬ ಕಣಿವೆಯ ಹಳೆಯ ಹೇಸರಗತ್ತೆ ದಾರಿಯ ಅಗಲ ಎಷ್ಟು ಎಂಬುದು ಪ್ರಶ್ನೆ. ಎರಡು ಮೇಕೆ ಅಕ್ಕಪಕ್ಕ ನಡೆಯುವಷ್ಟು ಎಂದು ಉತ್ತರ ಬಂತು. ನಾನೂ ಪಲ್ಲವಿಯೂ ನಕ್ಕು ನಕ್ಕು ಸುಸ್ತಾದೆವು. ಅವರು ನಗಲಿಲ್ಲ. ಎಷ್ಟು ದೊಡ್ಡ ಮೇಕೆ ಎಂದು ಇನ್ನೊಂದು ಫ್ಯಾಕ್ಸ್ ಹೋಯಿತು.

ಕೊನೆಗೆ ಜಗಳ ಎರಡು ದಾರಿಗಳ ಮೇಲೆ ನಿಂತಿತು. ಒಂದು, ಕಡಲಿಗೆ ಚಾಚಿದ ಕೆಂಪು ಬಂಡೆಯ ತುದಿಯ ಕಾವಲು ಗೋಪುರ. ಇನ್ನೊಂದು, ಬೆಟ್ಟದ ಮಡಿಲಿನ ಮೆಲು ಎಂಬ ಸರೋವರ. ಅದಕ್ಕೆ ಸರಪಳಿ ಹಿಡಿದು ಏರುವ ನೇರ ದಾರಿಯೂ ಇತ್ತು, ಸರಪಳಿಯಿಲ್ಲದ ಸುತ್ತಿನ ದಾರಿಯೂ ಇತ್ತು. "ಗೋಪುರದ ದಾರಿಗೆ ನೆರಳಿಲ್ಲ, ಮೂರೂ ಕಡಿ ಕಡಲು," ಎಂದು ತಾಯಿ. ಎರಡೂ ಬೇಕು ಎಂದು ಮಗಳು. ಮೂರು ಶನಿವಾರ ಹೀಗೇ ಕಳೆಯಿತು. ನಾಲ್ಕನೆಯ ವಾರ ಪಲ್ಲವಿ ಗೋಪುರದ ಹಾಳೆಯನ್ನು ತಾನೇ ಹರಿದು ತಾಯಿಯ ಕೈಗೆ ಕೊಟ್ಟಳು. "ಸರೋವರ ಸಾಕು. ಆದರೆ ಅದನ್ನ ಕೊನೇ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡಬಾರದು. ಪ್ರಾಮಿಸ್?"

ತಾಯಿ ಆ ಹರಿದ ಕಾಗದವನ್ನು ಮಡಚಿಟ್ಟು "ಪ್ರಾಮಿಸ್," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಆಕಿ ಜೋಡಿ ಇಬ್ಬರು ಇರಬೇಕು ತಂಗಿ. ಒಬ್ಬರು ಹಿಡ್ಯಾಕ, ಒಬ್ಬರು ಓಡಾಕ. ನೀ ಬರ್ತೀಯೇನು?"

ಜೂನ್ ತಿಂಗಳಲ್ಲಿ ಮೂವರೂ ಹೊರಟೆವು. ಮಾತ್ರೆಗಳನ್ನು ಮೂರು ಪಾಲು ಮಾಡಿ ಮೂವರ ಚೀಲದಲ್ಲೂ ಇಟ್ಟಿದ್ದರು. ಅಲ್ಲಿ ಪಲ್ಲವಿಯೇ ಎಲ್ಲರ ಜೊತೆ ಫ್ರೆಂಚ್ ಮಾತಾಡುತ್ತ, ಊಟ ಹೇಳುತ್ತ, ದಾರಿ ಕೇಳುತ್ತ ಇದ್ದಳು. ತಾಯಿ ಅವಳ ಹಿಂದೆ ನಿಂತು ಭಾಷೆ ತಿಳಿಯದ ಮುಖದಿಂದ ನೋಡುತ್ತಿದ್ದರು. ಮೊದಲ ದಿನ ಪೈನ್ ಕಾಡಿನ ಸಪಾಟು ದಾರಿಯಲ್ಲಿ ನಡೆದದ್ದು ಸುಸೂತ್ರವಾಯಿತು. ಅವರು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ನನಗೂ ಆ ರೋಗ ಹತ್ತಿತು. ಪಲ್ಲವಿ ಎಡವಿದರೆ ಸಾಕು, ನಮ್ಮಿಬ್ಬರ ಕೈಗಳೂ ಒಟ್ಟಿಗೇ ಮುಂದಕ್ಕೆ ಹೋಗುತ್ತಿದ್ದವು.

ಮೂರನೆಯ ದಿನ ಸ್ಪೆಲುಂಕಾ ಕಣಿವೆ. ಹನ್ನೊಂದು ದಾರಿಗಳಲ್ಲಿ ಇದೂ ಸುಲಭವಾದದ್ದೇ ಎಂದು ನಾವು ಆರಿಸಿದ್ದು. ಬಾಗಿದ ಹಳೆಯ ಕಲ್ಲಿನ ಸೇತುವೆಯ ಬಳಿ, ನೆರಳಿನಲ್ಲಿ, ಪಲ್ಲವಿ ಥಟ್ಟನೆ ನಿಂತಳು. "ಅಮ್ಮಾ, ಸುಟ್ಟ ವಾಸನೆ," ಎಂದಳು. ಫಿಟ್ಸ್ ಬರುವ ಮುಂಚೆ ಅವಳಿಗೊಬ್ಬಳಿಗೇ ಬರುವ ವಾಸನೆ ಅದು.

ನಾನು ಕಲ್ಲಾಗಿ ನಿಂತುಬಿಟ್ಟೆ. ಅವರು ನಿಲ್ಲಲಿಲ್ಲ. ಮಗಳ ಭುಜ ಹಿಡಿದು ಕೂರಿಸಿ, ಅಗಲವಾದ ಕಲ್ಲಿನ ಮೇಲೆ ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ತಮ್ಮ ಸ್ವೆಟರು ಇಟ್ಟು, ಗಡಿಯಾರ ನೋಡಿದರು. "ಚೀಲ ಸರಸು. ನೀರು ಈಗ ಬ್ಯಾಡ. ಹತ್ತು ಸೆಕೆಂಡಿಗೊಮ್ಮೆ ನನಗ ಟೈಮ್ ಹೇಳು," ಎಂದರು. ಧ್ವನಿ ಕಚೇರಿಯಲ್ಲಿ ನಕ್ಷೆ ಓದುವಾಗಿನ ಧ್ವನಿ. ಹುಡುಗಿಯ ಮೈ ಅದುರುತ್ತಿತ್ತು, ಪಕ್ಕದಲ್ಲಿ ಹೊಳೆ ಹರಿಯುತ್ತಿತ್ತು, ನಾನು ಸೆಕೆಂಡು ಎಣಿಸುತ್ತಿದ್ದೆ. ಒಂದು ನಿಮಿಷ ಐವತ್ತು ಸೆಕೆಂಡಿಗೆ ನಿಂತಿತು. ಹೊಳೆಯ ಸದ್ದು ನನಗೆ ಆಗ ಕೇಳಿಸಿತು.

ಪಲ್ಲವಿ ಕಣ್ಣು ಬಿಟ್ಟು, ನಿದ್ದೆಗೆ ಜಾರಿ, ಅರ್ಧ ಗಂಟೆಯ ಮೇಲೆ ಎಚ್ಚರವಾದಾಗ ಹೇಳಿದ ಮೊದಲ ಮಾತು, "ಸರೋವರ ಕ್ಯಾನ್ಸಲ್ಲಾ?"

"ಮೊದಲ ಏಳು," ಎಂದರು ತಾಯಿ. ಅವಳನ್ನು ನನ್ನ ಕೈಗೆ ಒಪ್ಪಿಸಿ ಸೇತುವೆಯ ಹಿಂದೆ ಹೋದರು. ಅವರು ವಾಂತಿ ಮಾಡಿಕೊಳ್ಳುವ ಸದ್ದು ಇಬ್ಬರಿಗೂ ಕೇಳಿಸಿತು.

ನಾಲ್ಕು ದಿನ ಎಲ್ಲಿಗೂ ಹೋಗಲಿಲ್ಲ. ಹ್ಯೂಸ್ಟನ್ನಿನ ಡಾಕ್ಟರಿಗೆ ಫೋನ್ ಮಾಡಿದರು. ಚೆನ್ನಾಗಿ ನಿದ್ದೆಯಾದರೆ, ಮಾತ್ರೆ ತಪ್ಪದಿದ್ದರೆ ನಡೆಯಬಹುದು, ಅಂಚಿನ ಹತ್ತಿರ ಬೇಡ ಎಂದರಂತೆ. ಅವರು ಫೋನಿಟ್ಟು ನಕ್ಷೆಯ ಮುಂದೆ ಕೂತರು. ಬೇಡ ಎಂದು ಡಾಕ್ಟರೇ ಹೇಳಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿರಬೇಕು. ನನಗಂತೂ ಅನ್ನಿಸಿತು.

ಅದಾದ ಐದನೆಯ ದಿನ ಬೆಳಿಗ್ಗೆ ರಸ್ತೆ ಮುಗಿಯುವಲ್ಲಿ, ಕುರುಬರ ಕಲ್ಲುಗುಡಿಸಲುಗಳ ಬಳಿ ಕಾರು ನಿಲ್ಲಿಸಿದೆವು. ಒಂದರಲ್ಲಿ ರೊಟ್ಟಿ, ಚೀಸ್ ಮಾರುತ್ತಿದ್ದರು. ಅದರ ಮುಂದಿನ ಬೆಂಚಿನ ಮೇಲೆ ಅವರು ಕೂತರು.

"ನಾ ಬರೂದಿಲ್ಲ."

"ಅಕ್ಕಾ, ನೀವಿಲ್ದೆ ನಾನೊಬ್ಬಳೇ ಹೇಗೆ?"

"ನನ್ನ ಕೈ ನೋಡು." ಎರಡೂ ಕೈ ಚಾಚಿದರು. ನಡುಗುತ್ತಿದ್ದವು. "ನಾ ಬಂದ್ರ ಹೆಜ್ಜಿಗೊಮ್ಮೆ ಆಕಿನ್ನ ಹಿಡೀತೀನಿ. ಹಿಡಿದು ಹಿಡಿದು ನಾನ ಬೀಳಸ್ತೀನಿ. ಇವತ್ತಿನ ಅಪಾಯ ಅಂದ್ರ ನಾನ. ನೀವಿಬ್ರ ಹೋಗಿ ಬರ್ರಿ."

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಸುತ್ತಿನ ದಾರಿ. ಎಲ್ಲೇ ಇರ್ರಿ, ಹನ್ನೊಂದಕ್ಕ ಹೊಳ್ಳಬೇಕು. ಮಧ್ಯಾಹ್ನ ಮೋಡ ಕಟ್ಟತೈತಿ. ಆಕಿಗೆ ದಣಿವಾಗಬಾರದು. ಕೆರಿ ಹತ್ತು ಹೆಜ್ಜಿ ಮುಂದಿದ್ರೂ ಹೊಳ್ಳಬೇಕು. ತಿಳೀತೇನು?"

"ಆಯ್ತಕ್ಕಾ, ಹನ್ನೊಂದಕ್ಕೆ ವಾಪಸ್ ತಿರುಗ್ತೀವಿ," ಎಂದೆ.

ಮಾತ್ರೆಯ ಮಂಪರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಪಲ್ಲವಿ ನಿಧಾನವಾಗಿ ಏರಿದಳು. ಹತ್ತು ಹತ್ತು ನಿಮಿಷಕ್ಕೆ ಕೂತು ನೀರು ಕುಡಿದೆವು. ಒಬ್ಬಳೇ ಮಗಳನ್ನು ನನ್ನ ಕೈಗೆ ಕೊಟ್ಟು ಕೂತಿದ್ದಾರೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಹನ್ನೊಂದು ಗಂಟೆಗೆ ನಾವು ಒಂದು ಇಳಿಜಾರು ಬಂಡೆಯ ಬುಡದಲ್ಲಿದ್ದೆವು. ಸರೋವರ ಕಾಣುತ್ತಿರಲಿಲ್ಲ. ಮೇಲಿಂದ ಇಳಿದು ಬಂದ ಗಂಡಹೆಂಡಿರನ್ನು ಪಲ್ಲವಿ ಮಾತಾಡಿಸಿದಳು.

"ಐದೇ ನಿಮಿಷ ಅಂತೆ ಆಂಟಿ. ಪ್ಲೀಸ್. ಗೋಪುರಾನೂ ಬಿಟ್ಟೆ ನಾನು."

ಗಡಿಯಾರ ನೋಡಿದೆ. ಆಕಾಶ ನಿರ್ಮಲವಾಗಿತ್ತು. ಹುಡುಗಿಯ ಮುಖದಲ್ಲಿ ಬಣ್ಣ ಬಂದಿತ್ತು. ಅಂಗಿಯ ತೋಳನ್ನು ಗಡಿಯಾರದ ಮೇಲಕ್ಕೆ ಎಳೆದುಕೊಂಡು, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ಬಂಡೆ ಏರಿಸಿದೆ.

ಐದಲ್ಲ, ಇಪ್ಪತ್ತು ನಿಮಿಷ ಹಿಡಿಯಿತು. ಮೂರು ಕಡೆ ಬೂದು ಬಂಡೆಯ ಗೋಡೆ, ನಡುವೆ ಕಪ್ಪು ನೀರು, ಆಚೆ ದಡದಲ್ಲಿ ಜೂನ್ ತಿಂಗಳಲ್ಲೂ ಕರಗದ ಹಿಮದ ಪಟ್ಟಿ. ಪಲ್ಲವಿ ನೀರಿನ ಪಕ್ಕ ಮಂಡಿಯೂರಿದಳು. ಎರಡೂ ಕೈ ನೀರಿಗೆ ಅದ್ದಿ, ಕೆಂಪಗಾಗುವವರೆಗೂ ತೆಗೆಯಲಿಲ್ಲ. ನಾನು ನೀರನ್ನು ಸರಿಯಾಗಿ ನೋಡಲೇ ಇಲ್ಲ. ಅವಳ ಮುಖವನ್ನು ನೋಡುತ್ತಿದ್ದೆ, ಸುಟ್ಟ ವಾಸನೆ ಎಂದು ಹೇಳಿಬಿಡುತ್ತಾಳೋ ಎಂದು. ಕಾಲು ಗಂಟೆ ಕೂತು ಇಳಿದೆವು. ಏನೂ ಆಗಲಿಲ್ಲ. ಮೋಡ ಕೂಡ ಕಟ್ಟಲಿಲ್ಲ.

ಗುಡಿಸಲಿಗೆ ಬರುವಾಗ ಒಂದು ಗಂಟೆ ದಾಟಿತ್ತು. ಅವರು ಬೆಂಚಿನ ಮೇಲೇ ಇದ್ದರು. ಎದ್ದು ಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಕೆರಿ ಎಷ್ಟೊತ್ತಿಗೆ ಮುಟ್ಟಿದ್ರಿ?"

"ಹತ್ತು ಐವತ್ತಕ್ಕೆ ಅಕ್ಕಾ. ಇಳಿಯೋದೇ ನಿಧಾನ ಆಯ್ತು."

ಪಲ್ಲವಿ ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಆತು," ಎಂದರು ಅವರು. "ಕುಂದರ್ರಿ, ಉಣ್ಣರಿ."

ಆ ಮುಖದ ಮೇಲೆ ಇನ್ನೊಂದು ಭಯ ಹೇರುವುದು ಬೇಡವೆಂದು ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಅಲ್ಲ. ಮುಂದಿನ ವರ್ಷ ಸಹಿಯ ಅಧಿಕಾರಕ್ಕೆ ನನ್ನ ಹೆಸರು ಹೋಗುವುದಿತ್ತು. ಕಳಿಸಬೇಕಾದವರು ಅವರೇ.

ಅವರು ಕಳಿಸಲಿಲ್ಲ. ಚಳಿಗಾಲದ ಒಂದು ಮಧ್ಯಾಹ್ನ ತಮ್ಮ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, "ಇನ್ನೊಂದು ವರ್ಷ ನನ್ನ ಜೋಡಿ ಕುಂದರು," ಎಂದರು. ಏಕೆ ಎಂದು ಕೇಳಿದೆ. ತಾವು ಕೆಲಸಕ್ಕೆ ಸೇರಿದ ಎರಡನೇ ವರ್ಷ ಕಂಡ ಒಂದು ಬೆಂಕಿಯ ಕತೆ ಹೇಳಿದರು. ಒಬ್ಬ ಸತ್ತಿದ್ದ. ಆ ವಾಲ್ವು ಸೋರುವುದನ್ನು ಹಿಂದಿನ ವಾರವೇ ಇನ್ನೊಬ್ಬ ಕಂಡಿದ್ದ. ಬಟ್ಟೆಯಿಂದ ಒರೆಸಿ, ಏನೂ ಆಗಲಿಲ್ಲವಲ್ಲ ಎಂದು ಸುಮ್ಮನಾಗಿದ್ದ. "ತಪ್ಪು ಮಾಡಿದವರನ್ನ ಕಂಡ್ರ ನನಗ ಅಂಜಿಕಿ ಇಲ್ಲ ತಂಗಿ. ಹೇಳಲಾರದವರನ್ನ ಕಂಡ್ರ ಅಂಜಿಕಿ," ಎಂದರು. ಆಮೇಲೆ ಸುಮ್ಮನೆ ನನ್ನನ್ನೇ ನೋಡುತ್ತ ಕೂತರು. ಹೊರಗೆ ಐ-10 ಹೆದ್ದಾರಿಯ ಮೇಲೆ ವಾಹನಗಳು ಸಾಲುಗಟ್ಟಿದ್ದವು. ನಾನು ಅವನ್ನು ನೋಡುತ್ತ, "ಸರಿ ಅಕ್ಕಾ," ಎಂದು ಎದ್ದೆ. ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಕೂಡ ಅಂದುಕೊಂಡೆ. ಈಗ ಬರೆಯಲು ನಾಚಿಕೆಯಾಗುತ್ತದೆ.

ಆರು ತಿಂಗಳಲ್ಲಿ ಡಲ್ಲಾಸಿನಲ್ಲಿ ಬೇರೆ ಕೆಲಸ ಹುಡುಕಿಕೊಂಡು ಅದರ ಪಕ್ಕದ ಕ್ಯಾರಲ್ಟನ್ನಿಗೆ ಶಿಫ್ಟ್ ಆದೆ. ಅವರೇ ಫೋನ್ ಮಾಡುತ್ತಿದ್ದರು, ಯುಗಾದಿಗೆ, ದೀಪಾವಳಿಗೆ. ಕಾರಿನ ಟೈರು, ಮನೆಯ ಹೊಗೆ ಅಲಾರಂ, ಎಲ್ಲ ವಿಚಾರಿಸುತ್ತಿದ್ದರು. ಕೊನೆಗೆ ಯಾವುದೋ ಮಾತಿನ ನಡುವೆ, "ಆ ಕೆರಿ ಮ್ಯಾಲೆ ಬಿಸಲಿತ್ತೇನು? ಎಷ್ಟೊತ್ತಿಗೆ ಮುಟ್ಟಿದ್ರಿ ಅಂದಿ?" ಎಂದು ಕೇಳುತ್ತಿದ್ದರು. ವಯಸ್ಸಾಯಿತು, ಮರೆಯುತ್ತಾರೆ ಎಂದುಕೊಂಡು ನಾನು ಪ್ರತಿ ಸಲವೂ, "ಹತ್ತು ಐವತ್ತು ಅಕ್ಕಾ," ಎನ್ನುತ್ತಿದ್ದೆ. "ಹೌದಲ್ಲ," ಎಂದು ಅವರು ಫೋನಿಡುತ್ತಿದ್ದರು.

ಕಾಯಿಲೆಯ ಸುದ್ದಿ ತಿಳಿದಾಗ ಒಮ್ಮೆ ಹೋಗಿ ನೋಡಿ ಬಂದೆ. ಬಹಳ ಜನರಿದ್ದರು. ಮುಂದಿನ ವಾರ ಒಬ್ಬಳೇ ಬರೋಣ ಎಂದುಕೊಂಡೆ. ಹಾಗೆ ಮೂರು ವಾರ ಕಳೆಯಿತು, ಫೋನ್ ಬಂತು.

ಆಸ್ಟಿನ್ನಿನ ಮನೆಯಲ್ಲಿ ಪೂಜೆ ಮುಗಿದು, ಬಂದವರು ಹೊರಟ ಮೇಲೆ, ಅಡುಗೆಮನೆಯಲ್ಲಿ ನಾನು ಪಾತ್ರೆ ಒರೆಸುತ್ತಿದ್ದೆ. ಪಲ್ಲವಿ ಪಕ್ಕದಲ್ಲಿ ನಿಂತಳು. ಈಗ ಅವಳಿಗೆ ಇಪ್ಪತ್ತನಾಲ್ಕರ ಹತ್ತಿರ. ಎರಡು ವರ್ಷದಿಂದ ಫಿಟ್ಸ್ ಬಂದಿಲ್ಲ, ಕಾರು ಓಡಿಸುತ್ತಾಳೆ. ತಾಯಿಯ ಕೊನೆಯ ತಿಂಗಳುಗಳಲ್ಲಿ ಅವಳು ಕನ್ನಡದಲ್ಲೇ ಉತ್ತರ ಕೊಡುವುದನ್ನು ಕಲಿತಿದ್ದಳು. ಹುಬ್ಬಳ್ಳಿಯ ಮಾತು, ಅಮೆರಿಕದ ನಾಲಗೆ.

"ಆಂಟಿ, ಆ ದಿವಸ ಅಮ್ಮ ಬೆಂಚಿನ ಮ್ಯಾಲೆ ಕೂತಿರ್ಲಿಲ್ಲ," ಎಂದಳು.

ಅರ್ಧ ಗಂಟೆ ಬಿಟ್ಟು ನಮ್ಮ ಹಿಂದೆಯೇ ಹೊರಟಿದ್ದರಂತೆ. ಹನ್ನೊಂದು ದಾಟಿದ ಮೇಲೆ ಕೆಳಗಿನ ತಿರುವಿನಲ್ಲಿ ಬಂದು ನಿಂತಾಗ, ನಾನು ಅವಳ ಕೈ ಹಿಡಿದು ಆ ಇಳಿಜಾರು ಬಂಡೆಯನ್ನು ಏರಿಸುತ್ತಿರುವುದು ಕಂಡಿತಂತೆ. ಪಲ್ಲವಿ ಅದೇ ಸಂಜೆ ತಾಯಿಗೆ ನಿಜ ಹೇಳಿದ್ದಳು. ಆಗಲೇ ತಾಯಿ ಇದನ್ನು ಅವಳಿಗೆ ಹೇಳಿದ್ದು.

"ಕಂಡರೆ ಯಾಕೆ ಕೂಗಲಿಲ್ಲ?" ಎಂದೆ. ನನ್ನ ಕೈಯಲ್ಲಿ ಪಾತ್ರೆ ಹಾಗೇ ಇತ್ತು.

"ನಾನೂ ಕೇಳಿದೆ. ಕೂಗಿದ್ರ ಆಕಿ ಹೊಳ್ಳಿ ನೋಡ್ತಾಳ, ನಿನ್ನ ಕೈ ಬಿಡ್ತಾಳ ಅಂದ್ಲು. ನೀವಿಬ್ರೂ ಬಂಡೆಗಲ್ಲು ದಾಟೂ ತನಕ ಅಲ್ಲೇ ನಿಂತು ನೋಡಿ, ಆಮ್ಯಾಲೆ ಇಳಿದು ಹೋಗಿ ಕೂತ್ಲಂತ."

"ನನಗೆ ಯಾಕೆ ಹೇಳಲಿಲ್ಲ ಇಷ್ಟು ವರ್ಷ?"

"ನಾ ಹೇಳಲಾ ಅಂತ ಎಷ್ಟೋ ಸಲ ಕೇಳಿದೆ ಆಂಟಿ. ಬ್ಯಾಡ, ಆಕಿ ತಾನ ಹೇಳ್ತಾಳ ಅಂದ್ಲು. ಹೋದ ತಿಂಗಳ ನೀವು ಬಂದು ಹೋದ ಮ್ಯಾಲೂ ಹಂಗ ಅಂದ್ಲು."

ನಾನು ಪಾತ್ರೆಯನ್ನು ಕೆಳಗಿಟ್ಟೆ. ಹೊರಗಿನ ಕೋಣೆಯಲ್ಲಿ ಯಾರೋ ಕುರ್ಚಿ ಮಡಚಿಡುವ ಸದ್ದು ಕೇಳುತ್ತಿತ್ತು.

"ಹತ್ತು ಐವತ್ತಲ್ಲ ಪಲ್ಲವಿ," ಎಂದೆ. "ಹನ್ನೊಂದು ಇಪ್ಪತ್ತು."

ಅವಳು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡಳು. "ಗೊತ್ತು ಆಂಟಿ," ಎಂದಳು ಮೆಲ್ಲಗೆ. "ನಾನೂ ಅಲ್ಲೇ ಇದ್ದೆನಲ್ಲ."